ಈಕೋ ವ್ಯಾನ್‌ಗೆ ಗುಜರಿ ಹೆಡ್‌ಲೈಟ್: ಎಡಗಡೆ ಡೂಮ್ ಸರಿಯಾದ್ದು ಹುಡುಕೋದು ಹೇಗೆ?

ಮಲೆನಾಡ್_ವ್ಯಾನ್ (ಶಿವಮೊಗ್ಗ)

ನಮಸ್ಕಾರ. ಗಾಡಿ ಮಾರುತಿ ಈಕೋ, 5 ಸೀಟರ್, ಪೆಟ್ರೋಲ್, ವೈಟ್ ಬೋರ್ಡ್. ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ಫೆಬ್ರವರಿ 2014. ಎಡಗಡೆ ಹೆಡ್‌ಲೈಟ್‌ಗೆ ಬೈಕ್ ತಾಗಿ ಡೂಮ್‌ನ (ಬಲ್ಬ್ ಕೂರುವ ಇಡೀ ಲೈಟ್ ಡಬ್ಬಿ) ಎರಡು ಕಿವಿ, ಅಂದರೆ ಬೋಲ್ಟ್ ಹಾಕುವ ಚಾಚು, ಮುರಿದಿವೆ, ಗ್ಲಾಸಿನ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಲ್ಬ್ ಉರಿಯುತ್ತೆ, ಆದರೆ ಗುಂಡಿ ಬಂದಾಗೆಲ್ಲ ಬೆಳಕು ಕುಣಿಯುತ್ತೆ. ಮಳೆ ಬಿದ್ದರೆ ಒಳಗೆ ಹನಿ ಕಟ್ಟುತ್ತೆ.

ಬಲಗಡೆಯದು ಗಟ್ಟಿಯಾಗಿದೆ, ಸ್ವಲ್ಪ ಹಳದಿ ತಿರುಗಿದೆ. ಎಡಗಡೆ ಹೊಸದು ಹಾಕಿದರೆ ಒಂದು ಕಣ್ಣು ಬಿಳಿ, ಒಂದು ಕಣ್ಣು ಹಳದಿ ಆಗುತ್ತಲ್ಲ, ಅದಕ್ಕೇ ಗುಜರಿಯಲ್ಲೇ ಒಂದು ಹುಡುಕೋಣ ಅಂದುಕೊಂಡಿದ್ದೇನೆ. ಬೆಂಗಳೂರು ಶಿವಾಜಿನಗರದ ಒಂದು ಗುಜರಿ ಅಂಗಡಿಯವರು "ಈಕೋ ಎಲ್ಲಾ ಮಾಡೆಲ್‌ಗೂ ಒಂದೇ, ಕಣ್ಮುಚ್ಚಿ ತಗೊಳ್ಳಿ" ಅಂತಾರೆ. ಇನ್ನೊಬ್ಬರು "ವರ್ಸಾದ್ದೂ ಕೂರುತ್ತೆ" ಅಂತಾರೆ (ವರ್ಸಾ ಮಾರುತಿಯದೇ ಹಳೇ ವ್ಯಾನ್). ಹಳೆಯದಕ್ಕೆ ಹೊಸದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತಿದ್ದಾರೆ.

ನನಗೆ ಬೇಕಾದ್ದು ಇಷ್ಟು: ನನ್ನ ಗಾಡಿಗೆ ಆಗುವ ಡೂಮ್ ಇದೇ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಅಂಗಡಿಯಲ್ಲಿ ನಿಂತು ಏನೇನು ನೋಡಬೇಕು? ಹಾಕಿದ ಮೇಲೆ ಬೆಳಕು ಸೆಟ್ ಮಾಡೋದನ್ನ ಮನೆಯಲ್ಲೇ ಮಾಡಬಹುದಾ?

ಪಾರ್ಟ್ಸ್_ಕೌಂಟರ್ (ಬೆಂಗಳೂರು)

ಮೊದಲು ನಂಬರ್ ವಿಷಯ ಹೇಳಿಬಿಡ್ತೀನಿ, ಮುಕ್ಕಾಲು ಪಾಲು ಎಡವಟ್ಟು ಅಲ್ಲೇ ಆಗೋದು.

ರಿಜಿಸ್ಟ್ರೇಷನ್ ತಾರೀಖು ಹಿಡಿದು ಪಾರ್ಟ್ ಕೇಳಬೇಡಿ. ಆರ್‌ಸಿಯಲ್ಲೇ ತಯಾರಾದ ತಿಂಗಳು-ವರ್ಷ ಬೇರೆ ಇರುತ್ತೆ, ಅದನ್ನ ನೋಡಿ. ಫೆಬ್ರವರಿ 2014ರಲ್ಲಿ ರಿಜಿಸ್ಟರ್ ಆದ ಗಾಡಿ 2013ರಲ್ಲಿ ತಯಾರಾಗಿದ್ದರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಅದಕ್ಕಿಂತ ಗ್ಯಾರಂಟಿ ದಾರಿ ಅಂದ್ರೆ ಆರ್‌ಸಿಯಲ್ಲಿರೋ 17 ಅಕ್ಷರದ ಚಾಸಿಸ್ ನಂಬರ್. ಎಂಎ3 ಅಂತ ಶುರುವಾಗುತ್ತೆ. ಮಾರುತಿ ಪಾರ್ಟ್ಸ್ ಕೌಂಟರ್‌ನಲ್ಲಿ ಅದನ್ನ ಕೊಟ್ಟರೆ ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ನಿಮ್ಮ ಗಾಡಿಗೆ ಯಾವ ಡೂಮ್ ಅಂತ ನಂಬರ್ ಬರುತ್ತೆ. ಹಳೇ ನಂಬರ್ ನಿಂತು ಅದರ ಬದಲಿಗೆ ಹೊಸ ನಂಬರ್ ಬಂದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತೆ. ಎರಡನ್ನೂ ಬರೆದುಕೊಳ್ಳಿ, ಗುಜರಿಯಲ್ಲಿ ಸಿಗೋ ಪೀಸ್ ಮೇಲೆ ಹಳೇ ನಂಬರೇ ಇರೋ ಸಾಧ್ಯತೆ ಹೆಚ್ಚು. ಕೊಳ್ಳೋದು ಬಿಡೋದು ಆಮೇಲೆ, ನಂಬರ್ ಕೇಳೋಕೆ ದುಡ್ಡಿಲ್ಲ.

ಸುಜುಕಿ ನಂಬರ್ ಓದೋ ಕ್ರಮ ಹೀಗೆ: ಮುಂದೆ ಐದು ಅಂಕೆ, ನಡುವೆ ಗೆರೆ, ಆಮೇಲೆ ಐದು ಅಕ್ಷರ-ಅಂಕೆ. ಮಾರುತಿಯಲ್ಲಿ ಆ ಗೆರೆ ಜಾಗದಲ್ಲಿ ಇಂಗ್ಲಿಷಿನ ಎಂ ಇರುತ್ತೆ. ಮುಂದಿನ ಐದು ಇದು ಯಾವ ಭಾಗ ಅನ್ನುತ್ತೆ, ಹಿಂದಿನ ಐದು ಯಾವ ಮಾಡೆಲ್‌ನದು ಅನ್ನುತ್ತೆ. ಹೆಡ್‌ಲೈಟ್ ಆದರೆ ಬಲಗಡೆಗೆ 351 ಅಂತ ಶುರು, ಎಡಗಡೆಗೆ 353. ನಿಮಗೆ ಬೇಕಾದ್ದು 353. ಎಡ-ಬಲ ಯಾವತ್ತೂ ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡಿದ ಲೆಕ್ಕ. ಗಾಡಿ ಎದುರು ನಿಂತು "ಎಡಗಡೆ" ಅಂದು ಡ್ರೈವರ್ ಸೈಡಿನದು ಪಾರ್ಸೆಲ್ ತರಿಸಿಕೊಂಡವರು ಬೇಕಾದಷ್ಟು ಜನ. ಫೋನಲ್ಲಿ ಮಾತಾಡುವಾಗ "ಕ್ಲೀನರ್ ಸೈಡ್" ಅಂತಲೇ ಹೇಳಿ, ಅದರಲ್ಲಿ ಗೊಂದಲ ಇಲ್ಲ.

ಇನ್ನೊಂದು ಕಡೆ ಜನ ಮೋಸ ಹೋಗ್ತಾರೆ. ಡೂಮ್ ಹಿಂಭಾಗದ ಪ್ಲಾಸ್ಟಿಕ್‌ನಲ್ಲಿ ಅಚ್ಚೊತ್ತಿರೋ ನಂಬರ್ ಹಲವು ಸಲ ಲೈಟ್ ಮಾಡಿದ ಕಂಪನಿಯದು, ಮಾರುತಿಯದಲ್ಲ. ಮಾರುತಿ ನಂಬರ್ ಸಾಮಾನ್ಯವಾಗಿ ಬಿಳಿ ಸ್ಟಿಕ್ಕರ್‌ನಲ್ಲಿ ಇರುತ್ತೆ, ಹಳೇ ಪೀಸ್‌ಗಳಲ್ಲಿ ಅದು ಉದುರಿ ಹೋಗಿರುತ್ತೆ. ಆದ್ದರಿಂದ ನಿಮ್ಮ ಮುರಿದ ಡೂಮ್ ಬಿಚ್ಚಿ, ಅದರ ಹಿಂದೆ ಏನೇನು ಅಚ್ಚಾಗಿದೆಯೋ ಎಲ್ಲದರ ಫೋಟೊ ತೆಗೆಯಿರಿ. ಅಂಗಡಿಯವರ ಪೀಸ್‌ನ ಅದೇ ಜಾಗದ ಫೋಟೊ ಕೇಳಿ. ಎರಡೂ ಅಕ್ಷರಕ್ಕಕ್ಷರ ಹೊಂದಿದರೆ ಕಥೆ ಮುಗೀತು. ಸಾಧ್ಯ ಇದ್ದರೆ ಮುರಿದದ್ದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿದಷ್ಟು ಖಾತ್ರಿ ಬೇರೆ ಯಾವುದರಲ್ಲೂ ಇಲ್ಲ.

ವರ್ಸಾ ಮಾತು. ವರ್ಸಾ 2001ರದು, ಅದರ ಬಾಡಿಯಿಂದಲೇ ಈಕೋ 2010ರಲ್ಲಿ ಬಂತು, ನಿಜ. ಹಾಗಂತ ಲೈಟೂ ಕೂರುತ್ತೆ ಅನ್ನೋದು ಬಾಯಿಮಾತು. ನಂಬರ್ ಹೊಂದದಿದ್ದರೆ ಕೈಬಿಡಿ. "ಕೂರುತ್ತೆ" ಅಂದ್ರೆ ಗುಜರಿ ಭಾಷೆಯಲ್ಲಿ "ಒಂದು ಕಿವಿ ಉಜ್ಜಿ, ಒಂದು ವಾಷರ್ ಕೊಟ್ಟರೆ ಕೂರುತ್ತೆ" ಅಂತ ಅರ್ಥ. ಹಾಗೆ ಕೂರಿಸಿದ್ದಕ್ಕೆ ಬಂಪರ್ ಪಕ್ಕದ ಗ್ಯಾಪ್ ಜೀವಮಾನದಲ್ಲಿ ಸರಿಹೋಗಲ್ಲ. ಓಮ್ನಿದು ತೋರಿಸಿದರಂತೂ ಮಾತೇ ಬೇಡ, ಆಕಾರವೇ ಬೇರೆ. ಹಾಗೇ 2022ರ ಕೊನೆಗೆ ಈಕೋಗೆ ಹೊಸ ಎಂಜಿನ್ ಬಂತು ಅಂತ ಕೆಲವರು "ಹಳೇ ಎಂಜಿನ್ ಡೂಮ್, ಹೊಸ ಎಂಜಿನ್ ಡೂಮ್" ಅಂತ ಮಾರ್ತಾರೆ. ಎಂಜಿನ್ ಬದಲಾಯಿತು ಅಂದ ಮಾತ್ರಕ್ಕೆ ಲೈಟ್ ಬದಲಾಯಿತು ಅಂತಲ್ಲ. ಅದೂ ನಂಬರ್‌ನಲ್ಲೇ ತೀರ್ಮಾನ.

ಕೊನೆಗೆ ಒಂದು ಸಣ್ಣ ಪರೀಕ್ಷೆ: ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ 0-1-2-3 ಅಂತ ಬರೆದಿರೋ ಚಿಕ್ಕ ಚಕ್ರ ಇದೆಯಾ? ಅದು ಹೆಡ್‌ಲೈಟ್ ಮೇಲೆ-ಕೆಳಗೆ ಮಾಡೋ ಮೋಟರ್‌ನದು. ಇದ್ದರೆ ತರೋ ಡೂಮ್‌ನಲ್ಲೂ ಆ ಮೋಟರ್, ಕಡೇ ಪಕ್ಷ ಮೋಟರ್ ಕೂರೋ ತೂತು ಇರಬೇಕು. ತೂತು ಇದ್ದರೆ ನಿಮ್ಮ ಹಳೇ ಮೋಟರ್ ತಿರುಗಿಸಿ ಬಿಚ್ಚಿ ಇದಕ್ಕೆ ಹಾಕಬಹುದು. ಅದರ ತುದಿಯ ಗುಂಡು ರಿಫ್ಲೆಕ್ಟರ್‌ನ (ಬಲ್ಬಿನ ಸುತ್ತ ಬೆಳಕು ಮುಂದಕ್ಕೆ ತಳ್ಳೋ ಕನ್ನಡಿಯಂಥ ಭಾಗ) ಬಟ್ಟಲಿಗೆ "ಟಕ್" ಅಂತ ಕೂತ ಶಬ್ದ ಕೇಳಬೇಕು.

ಗ್ಯಾರೇಜ್_ಹುಬ್ಳಿ

ನೋಡ್ರಿ, ಗುಜರಿಯೊಳಗ ಎಲ್ಲಾರೂ ಮೊದಲ ಗ್ಲಾಸ್ ನೋಡ್ತಾರ. ಗ್ಲಾಸ್ ಕಡೀಕ ನೋಡೂದು. ಮೊದಲ ರಿಫ್ಲೆಕ್ಟರ್, ಆಮ್ಯಾಲೆ ಕಿವಿ, ಆಮ್ಯಾಲೆ ಸ್ಕ್ರೂ. ಗ್ಲಾಸ್ ಉಜ್ಜಿ ಬೆಳಗಬಹುದು, ರಿಫ್ಲೆಕ್ಟರ್ ಹೋತಂದ್ರ ಏನೂ ಮಾಡಾಕ ಬರಂಗಿಲ್ಲ.

ಯಾಕಂದ್ರ ಹೇಳ್ತೀನಿ. ಇದರಾಗ ಎಚ್4 ಬಲ್ಬ್ ಐತಿ, ಒಂದ ಬಲ್ಬಿನ್ಯಾಗ ಎರಡು ಎಳಿ (ಫಿಲಮೆಂಟ್). ಡಿಮ್ಮಿನ ಎಳಿ ಮುಂದಿರ್ತೈತಿ, ಅದರ ಕೆಳಗ ಸಣ್ಣ ತಗಡಿನ ಬಟ್ಟಲ ಇರ್ತೈತಿ. ಆ ಬಟ್ಟಲ ಕೆಳಗ ಬೆಳಕ ಬಿಡೂದಿಲ್ಲ. ಅಂದ್ರ ಡಿಮ್ ಹಾಕಿದಾಗ ರಿಫ್ಲೆಕ್ಟರಿನ ಮ್ಯಾಲಿನ ಅರ್ಧ ಅಷ್ಟ ಕೆಲಸ ಮಾಡೂದು. ಬಿಸಿ ಯಾವ ಕಡೆ ಹೋಗ್ತೈತಿ? ಮ್ಯಾಲ. ಅದಕ್ಕ ಹಳೇ ಡೂಮಿನ್ಯಾಗ ಬಲ್ಬಿನ ನೆತ್ತಿ ಮ್ಯಾಲಿಂದ ಮೊದಲ ಕಂದು ಬಣ್ಣಕ್ಕ ತಿರಗತೈತಿ, ಹೊಳಪು ಸತ್ತು ಬೂದಿ ಬಳಿದಂಗ ಆಗತೈತಿ. ಅಂಗಡಿಯಾಂವ ಬ್ರೈಟ್ ಹಾಕಿ ತೋರಸ್ತಾನ, "ನೋಡ್ರಿ ಹೆಂಗ ಹೊಡಿತೈತಿ" ಅಂತಾನ. ಬ್ರೈಟಿಗೆ ಇಡೀ ರಿಫ್ಲೆಕ್ಟರ್ ಇರ್ತೈತಿ, ಚೊಲೋನ ಕಾಣತೈತಿ. ನೀವು "ಡಿಮ್ ಹಾಕ್ರಿ" ಅನ್ರಿ. ಅಲ್ಲೆ ಬಣ್ಣ ಬಯಲಾಗತೈತಿ.

ಹಗಲಿನ್ಯಾಗ ನೋಡೂದು ಹೆಂಗ: ಬಲ್ಬ್ ತಗಸ್ರಿ, ಬಲ್ಬಿನ ತೂತಿನ್ಯಾಗಿಂದ ಮೊಬೈಲ್ ಟಾರ್ಚ್ ಒಳಗ ಬಿಡ್ರಿ, ಮುಂದ ನಿಂತು ಮ್ಯಾಲಿನ ಅರ್ಧ ನೋಡ್ರಿ. ಕನ್ನಡಿ ಹಂಗ ಇರಬೇಕು. ಮಂಜು ಕವಿದಂಗ, ಮೀನಿನ ಹೊರಪಿ ಎದ್ದಂಗ, ಇಲ್ಲಾ ನೀರು ಇಳಿದ ಗೀರು ಕಂಡ್ರ ವಾಪಸ್ ಕೊಡ್ರಿ. "ಒಳಗ ಬಟ್ಟಿ ಹಾಕಿ ಒರಸಿ ಕೊಡ್ತೀನಿ" ಅಂದ್ರ ಬ್ಯಾಡ್ರೀ ಯಪ್ಪಾ! ಅದು ಅಲ್ಯೂಮಿನಿಯಂ ಲೇಪ, ಅಗದಿ ತೆಳು. ಒಣ ಬಟ್ಟಿ ತಾಗಿದ್ರೂ ಗೀರು ಬೀಳತೈತಿ, ಜೋರು ಒರಸಿದ್ರ ಲೇಪನ ಕಿತ್ತು ಬರತೈತಿ.

ಕಿವಿ: ನಿಮ್ಮ ಮುರದದ್ದರ ಮ್ಯಾಲೆ ಎಷ್ಟು ಕಿವಿ ಐತಿ ಅಂತ ಎಣಿಸಿಕೊಂಡು ಹೋಗ್ರಿ. ಒಂದೊಂದನ್ನೂ ಉಗುರಿಲೆ ಕೆರದು ನೋಡ್ರಿ. ಎಂ-ಸೀಲ್ ಮೆತ್ತಿ ಕಪ್ಪು ಬಣ್ಣ ಹೊಡದಿದ್ರ ಬಣ್ಣ ಎದ್ದು ಬರತೈತಿ. ಬೆಸುಗಿ ಕಡ್ಡಿಲೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿದ್ದು ಅಲ್ಲೆ ಗಂಟು ಗಂಟು ಕಾಣತೈತಿ. ಅಂಥಾದ್ದು ಒಂದು ಮಳಿಗಾಲದ ರಸ್ತಾ ದಾಟೂದಿಲ್ಲ.

ಸ್ಕ್ರೂ: ಹಿಂದ ಎರಡು ಸೆಟ್ಟಿಂಗ್ ಸ್ಕ್ರೂ ಇರ್ತಾವು, ಒಂದು ಮ್ಯಾಲೆ-ಕೆಳಗ, ಒಂದು ಅಡ್ಡಕ್ಕ. ಸ್ಕ್ರೂಡ್ರೈವರ್ ಇಸ್ಕೊಂಡು ಮೂರು ಸುತ್ತು ಆ ಕಡೆ, ಮೂರು ಸುತ್ತು ಈ ಕಡೆ ತಿರುವ್ರಿ. ಒಳಗ ರಿಫ್ಲೆಕ್ಟರ್ ಅಲ್ಲಾಡೂದು ಕಾಣಬೇಕು. ಸ್ಕ್ರೂ ತಿರಗಿ ರಿಫ್ಲೆಕ್ಟರ್ ಸುಮ್ನ ಇತ್ತಂದ್ರ ಒಳಗಿನ ನೈಲಾನ್ ಬುಷ್ ಹೋಗೈತಿ. ಆಮ್ಯಾಲೆ ಡೂಮ್ ಕಿವಿ ಹಂತ್ಯಾಕ ಹಿಡದು ಅಲ್ಲಾಡಸ್ರಿ. ಗಡಗಡ ಅಂದ್ರ ಗುಂಡು ಬಟ್ಟಲದಾಗಿಂದ ಬಿಟ್ಟೈತಿ, ನಿಮ್ಮ ಈಗಿನ ಕುಣಿಯೂ ರೋಗನ ಮತ್ತ ರೊಕ್ಕ ಕೊಟ್ಟು ತಂದಂಗ.

ಇನ್ನ ಗ್ಲಾಸ್. ಗ್ಲಾಸ್ ಅಂತೀವಿ ಖರೆ, ಅದು ಪ್ಲಾಸ್ಟಿಕ್. ಹಳದಿ ಹೊರಗಿಂದೋ ಒಳಗಿಂದೋ ಅಂತ ತಿಳಿಯಾಕ ಬಟ್ಟಿ ಒದ್ದಿ ಮಾಡಿ ಹೊರಗ ಒರಸ್ರಿ. ಒದ್ದಿ ಇದ್ದಷ್ಟು ಹೊತ್ತು ನಿಚ್ಚಳ ಕಂಡು, ಒಣಗಿದ ಮ್ಯಾಲೆ ಮತ್ತ ಮಬ್ಬಾದ್ರ ರೋಗ ಹೊರಗೈತಿ, ಉಜ್ಜಿದ್ರ ಹೋಗತೈತಿ. ಒದ್ದಿ ಮಾಡಿದ್ರೂ ಮಬ್ಬ ಇದ್ರ ಒಳಗೈತಿ, ಬಿಟ್ಟುಬಿಡ್ರಿ.

ಮತ್ತೊಂದು, ಗ್ಲಾಸ್ ಮತ್ತ ಹಿಂದಿನ ಕಪ್ಪು ಡಬ್ಬಿ ಕೂಡೂ ಅಂಚು ಸುತ್ತ ನೋಡ್ರಿ. ಕಂಪನಿ ಅಂಟು ಒಂದ ಸಮ ಇರ್ತೈತಿ. ಬಿಳಿ ಇಲ್ಲಾ ಕಪ್ಪು ಸಿಲಿಕಾನ್ ಅಲ್ಲಲ್ಲೆ ಉಕ್ಕಿ ಬಂದಿತ್ತಂದ್ರ ಯಾರೋ ಬಿಚ್ಚಿ ಪ್ರೊಜೆಕ್ಟರೋ ಎಲ್‌ಇಡಿಯೋ ಕೂಡಿಸಿ ಮತ್ತ ತಗದಾರ. ಹಿಂದಿನ ರಬ್ಬರ್ ಟೊಪ್ಪಿಗಿ ಕತ್ತರಿಸಿದ್ರೂ ಅದ ಕಥಿ. ಅಂಥಾದ್ದು ಪುಕ್ಕಟೆ ಕೊಟ್ರೂ ಒಳಗ ನೀರು ಬರತೈತಿ.

ಹೊಸದೇ_ಹಾಕಿ (ಮೈಸೂರು)

ಎಲ್ಲ ಸರಿ, ಆದರೆ ಅರ್ಧಕ್ಕಿಂತ ಹೆಚ್ಚು ಕೊಟ್ಟು ಈಕೋ ಡೂಮ್ ಗುಜರಿಯಲ್ಲಿ ತಗೊಳ್ಳೋ ಲೆಕ್ಕವೇ ನನಗೆ ಅರ್ಥ ಆಗ್ತಿಲ್ಲ. ದೊಡ್ಡ ಕಾರುಗಳ ಎಲ್‌ಇಡಿ ಲೈಟ್ ಆದರೆ ಗುಜರಿ ಹುಡುಕೋದಕ್ಕೆ ಅರ್ಥ ಇದೆ. ಇದು ಸಾದಾ ಎಚ್4 ಡೂಮ್, ಹೊಸದು ಜೆ.ಸಿ. ರಸ್ತೆಯಲ್ಲಿ ಕೇಳಿದ ದಿನ ಸಿಗುತ್ತೆ. ಹಳೆಯದರ ಬೆಲೆಗೆ ಹೊಸ ರಬ್ಬರ್ ಟೊಪ್ಪಿ, ಪಾರ್ಕಿಂಗ್ ಲೈಟ್ ಹೋಲ್ಡರ್, ಪಾಲಿಶ್ ಸಾಮಾನು, ಬಸ್ ಚಾರ್ಜು ಸೇರಿಸಿ ನೋಡಿ. ನನ್ನ ಅಳತೆ ಸರಳ: ಹೊಸದರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೇಳಿದರೆ ಹಳೆಯದು ಬೇಡ.

ಹೊಸದರಲ್ಲೂ ಮೂರು ದರ್ಜೆ ಇದೆ. ಮಾರುತಿ ಡಬ್ಬದಲ್ಲಿ ಬರೋದು. ಲುಮ್ಯಾಕ್ಸ್, ಫೀಮ್, ನಿಯೋಲೈಟ್, ಯುನೋ ಮಿಂಡಾದಂಥ ಹೆಸರಿರೋ ಲೈಟ್ ಕಂಪನಿಗಳು ತಮ್ಮ ಡಬ್ಬದಲ್ಲಿ ಮಾರೋದು. ಮತ್ತೆ ಹೆಸರೇ ಇಲ್ಲದ ಲೋಕಲ್. ಎರಡನೇದರಲ್ಲಿ ಈಕೋದ್ದು ಇದೆಯಾ ಕೇಳಿ, ಸಿಕ್ಕರೆ ಅದೇ ಲಾಭ. ಲೋಕಲ್ ಮಾತ್ರ ಬೇಡ. ಅದಕ್ಕಿಂತ ಒಳ್ಳೇ ಗುಜರಿ ಪೀಸೇ ವಾಸಿ, ಇದನ್ನ ಒಪ್ತೀನಿ. ಲೋಕಲ್ ಡೂಮ್‌ನಲ್ಲಿ ಡಿಮ್ ಬೆಳಕಿನ ಮೇಲಂಚಿನ ಗೆರೆಯೇ ಕಟ್ಟಲ್ಲ, ಬೆಳಕು ಹರಡಿ ಎದುರಿನವರ ಮುಖಕ್ಕೆ ಹೊಡೆಯುತ್ತೆ.

ಬಿಳಿ-ಹಳದಿ ಕಣ್ಣಿನ ಚಿಂತೆಗೆ ಪರಿಹಾರ ಎಡಗಡೆ ಹಳೆಯದು ಹಾಕೋದಲ್ಲ, ಬಲಗಡೆ ಪಾಲಿಶ್ ಮಾಡೋದು. ಲೈಟ್ ಸುತ್ತ ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಎರಡು ಪದರ ಹಚ್ಚಿ. ವಾಟರ್ ಪೇಪರ್ 800, 1500, 2000, 3000 ಹೀಗೆ ಕ್ರಮವಾಗಿ, ಪ್ರತಿಸಲ ನೀರು ಹಾಕಿಕೊಂಡು ಉಜ್ಜಿ. ಒಂದು ನಂಬರ್ ಅಡ್ಡಕ್ಕೆ ಉಜ್ಜಿದರೆ ಮುಂದಿನದನ್ನ ಉದ್ದಕ್ಕೆ ಉಜ್ಜಿ, ಹಿಂದಿನ ಗೀರೆಲ್ಲ ಮಾಯವಾದ ಮೇಲೇ ಮುಂದಕ್ಕೆ ಹೋಗಿ. 800ರಲ್ಲಿ ಹಳದಿ ಹಾಲಿನಂಥ ನೀರು ಇಳಿಯುತ್ತೆ. ಅದು ಬೆಳ್ಳಗಾಗೋ ತನಕ ನಿಲ್ಲಿಸಬೇಡಿ, ಆತುರಪಟ್ಟವರು ಇಲ್ಲೇ ಕೆಡಿಸೋದು. ಕೊನೆಗೆ ರಬ್ಬಿಂಗ್ ಕಾಂಪೌಂಡ್. ಆಮೇಲೆ ಯುವಿ ತಡೆಯೋ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಕಂಪನಿ ಹಾಕಿದ್ದ ಯುವಿ ಪದರವನ್ನೇ ನೀವು ಉಜ್ಜಿ ತೆಗೆದಿರ್ತೀರ, ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಹಳದಿ ಆಗುತ್ತೆ. ಟೂತ್‌ಪೇಸ್ಟ್ ವೀಡಿಯೊಗಳನ್ನ ನೋಡಿ ನಗಿ, ಮಾಡಬೇಡಿ.

ಮಲೆನಾಡ್_ವ್ಯಾನ್

ಎಲ್ಲರಿಗೂ ಧನ್ಯವಾದ. ಡೂಮ್ ಬಿಚ್ಚಿ ಫೋಟೊ ತೆಗೆದು ಹೊಂದಿಸಿ ನೋಡಿದೆ, ಹಿಂದಿನ ಅಚ್ಚು ನಂಬರ್ ಒಂದೇ ಇದೆ. ತಯಾರಾದದ್ದು 2013ರಲ್ಲೇ. ಡ್ಯಾಶ್‌ನಲ್ಲಿ ಚಕ್ರ ಇಲ್ಲ. ಬೆಲೆಯನ್ನ ಚೌಕಾಸಿ ಮಾಡಿ ಹೊಸದರ ಮೂರನೇ ಒಂದಕ್ಕೆ ಇಳಿಸಿದ್ದೇನೆ, ಆದ್ದರಿಂದ ಹಳೆಯದನ್ನೇ ನೋಡುತ್ತೇನೆ.

ಎರಡು ಸಂದೇಹ. ಒಂದು, ಅವರು ಕಳಿಸಿದ ಫೋಟೊದಲ್ಲಿ ಗ್ಲಾಸಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕ ಎಚ್‌ಸಿಆರ್ ಅಂತ, ಕೆಳಗೆ ಬಾಣದ ಗುರುತು ಇದೆ. ಏನದು? ಎರಡು, ನನ್ನ ಬಲ್ಬಿಗೆ ವೈರ್ ಸಿಕ್ಕಿಸೋ ಕಪ್ಲರ್ ಒಂದು ಮೂಲೆಯಲ್ಲಿ ಕರಗಿ ಕಂದು ಬಣ್ಣಕ್ಕೆ ತಿರುಗಿದೆ. ಹೊಸ ಡೂಮ್‌ಗೆ ಅದನ್ನೇ ಸಿಕ್ಕಿಸಬಹುದಾ? ಗಾಡಿ ಕೊಂಡಾಗಲೇ ಹಿಂದಿನವರು 100/90 ವ್ಯಾಟ್ ಬಲ್ಬ್ ಹಾಕಿದ್ದರು.

ಹನ್ನೆರಡು_ವೋಲ್ಟ್

ಗುರುತಿನದು ಮೊದಲು. ವೃತ್ತದೊಳಗಿನ ಇ ಅಂದರೆ ಯುರೋಪಿನ ನಿಯಮದಂತೆ ಒಪ್ಪಿಗೆ ಪಡೆದ ಲೈಟ್ ಎಂಬ ಗುರುತು. ಎಚ್‌ಸಿ ಅಂದರೆ ಹ್ಯಾಲೊಜೆನ್ ಡಿಮ್, ಎಚ್‌ಆರ್ ಅಂದರೆ ಹ್ಯಾಲೊಜೆನ್ ಬ್ರೈಟ್, ಎಚ್‌ಸಿಆರ್ ಅಂದರೆ ಎರಡೂ ಒಂದರಲ್ಲೇ. ಪಿಎಲ್ ಅಂತ ಇದ್ದರೆ ಪ್ಲಾಸ್ಟಿಕ್ ಲೆನ್ಸ್. ಪಕ್ಕದಲ್ಲಿ 12.5, 17.5 ಥರದ ಅಂಕೆ ಇದ್ದರೆ ಅದು ಬ್ರೈಟ್‌ನ ತೀಕ್ಷ್ಣತೆಯ ಸೂಚ್ಯಂಕ. ಎರಡೂ ಕಡೆಯ ಡೂಮ್‌ನಲ್ಲಿ ಇದು ಒಂದೇ ಇದ್ದರೆ ಒಳ್ಳೆಯದು.

ಬಾಣವೇ ಮುಖ್ಯ. ಲೈಟಿಗೆ ಮುಖ ಮಾಡಿ ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶದ್ದು, ಅಂದರೆ ನಮ್ಮದು. ಬಾಣವೇ ಇಲ್ಲದಿದ್ದರೆ ಬಲಬದಿಯಲ್ಲಿ ಓಡಿಸುವ ದೇಶದ್ದು. ಎರಡು ಕಡೆಗೂ ಬಾಣವಿದ್ದರೆ ಬದಲಾಯಿಸುವ ವ್ಯವಸ್ಥೆ ಇರುವಂಥದು. ಈಕೋಗೆ ಈ ತೊಂದರೆ ಬರುವುದು ಅಪರೂಪ, ಆದರೆ ಗಲ್ಫ್‌ನಿಂದ ಟೊಯೊಟ ವ್ಯಾನಿನ ಲೈಟ್ ತರಿಸುವವರು ಇದನ್ನು ನೋಡದೆ ಕೆಡುತ್ತಾರೆ. ಅಲ್ಲಿಯ ಡಿಮ್ ಬೆಳಕಿನ ಗೆರೆ ಬಲಕ್ಕೆ ಏರುತ್ತದೆ, ಇಲ್ಲಿ ಆ ಏರು ನೇರ ಎದುರಿನವರ ಕಣ್ಣಿಗೆ. ಸ್ಕ್ರೂ ತಿರುಗಿಸಿ ಅದನ್ನು ಸರಿಪಡಿಸಲು ಬರುವುದಿಲ್ಲ.

ಈಗ ಕಪ್ಲರ್. ಕರಗಿದ್ದನ್ನು ಸಿಕ್ಕಿಸಬೇಡಿ, ಹೊಸ ಡೂಮ್‌ನ ಬಲ್ಬ್ ಪಿನ್ನೂ ಕೆಡುತ್ತದೆ. ಕರಗಿದ್ದೇಕೆ ಅಂದರೆ: 60 ವ್ಯಾಟ್ ಅಂದರೆ 12 ವೋಲ್ಟ್‌ಗೆ 5 ಆಂಪಿಯರ್, 100 ವ್ಯಾಟ್ ಅಂದರೆ 8 ಆಂಪಿಯರ್‌ಗೂ ಮೇಲೆ. ಸಂಪರ್ಕದಲ್ಲಿ ಹುಟ್ಟುವ ಬಿಸಿ ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಅದೇ ಸಡಿಲ ಪಿನ್ ಹತ್ತಿರ ಹತ್ತಿರ ಮೂರು ಪಟ್ಟು ಕಾಯುತ್ತದೆ. ರಿಫ್ಲೆಕ್ಟರ್ ಸುಡುವುದಕ್ಕೂ ಆ ಬಲ್ಬೇ ಕಾರಣ. ಮತ್ತೆ 60/55 ಕ್ಕೇ (ಬ್ರೈಟ್ 60, ಡಿಮ್ 55 ವ್ಯಾಟ್) ಬನ್ನಿ, ಎರಡೂ ಬದಿಗೆ ಒಂದೇ ಕಂಪನಿಯ ಜೋಡಿ ಹಾಕಿ.

ಸೆರಾಮಿಕ್ ಎಚ್4 ಹೋಲ್ಡರ್ ತನ್ನಿ, 1.5 ಚದರ ಮಿಲಿಮೀಟರ್‌ಗಿಂತ ಸಣ್ಣ ವೈರ್ ಇರುವುದು ಬೇಡ. ಹಳೇ ವೈರನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಿ, ತಾಮ್ರ ಕಪ್ಪಗಿರದೆ ಕೆಂಪಗೆ ಹೊಳೆಯುವ ಜಾಗ ಸಿಗುವ ತನಕ. ಅಲ್ಲಿ ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಒತ್ತಿ ಸೇರಿಸಿ) ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ಹಾಕಿ. ತಿರುಚಿ ಟೇಪ್ ಸುತ್ತಿದ್ದು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ.

ಎಚ್ಚರ: ಸುಜುಕಿ ವಂಶದ ಹಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಇರುವುದು ನೆಗೆಟಿವ್ ಬದಿಯಲ್ಲಿ. ಆಗ ಮೂರು ಪಿನ್‌ಗಳಲ್ಲಿ ಎರಡೂ ಎಳೆಗೆ ಸಾಮಾನ್ಯವಾದ ಪಿನ್‌ಗೆ ಬರುವುದು ಪಾಸಿಟಿವ್, ಅರ್ತ್ ಅಲ್ಲ. "ಸಾಮಾನ್ಯ ಪಿನ್ ಅಂದರೆ ಅರ್ತ್" ಅಂದುಕೊಂಡು ಗಾಡಿಯ ತಗಡಿಗೆ ಸೇರಿಸಿದರೆ ಫ್ಯೂಸ್ ಹಾರುತ್ತದೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಗಾಡಿಯ ತಗಡಿಗೆ ಕೊಟ್ಟು, ಲೈಟ್ ಹಾಕಿ ಮೂರೂ ತೂತು ಮುಟ್ಟಿ ನೋಡಿ, ಆಮೇಲೆ ಕತ್ತರಿ ಹಿಡಿಯಿರಿ. ಅಥವಾ ಒಂದೊಂದೇ ವೈರ್ ಕತ್ತರಿಸಿ ಅದೇ ಜಾಗಕ್ಕೆ ಸೇರಿಸುತ್ತ ಹೋಗಿ. ಮಾರುಕಟ್ಟೆಯ ರಿಲೇ ಕಿಟ್ ತರುವುದಾದರೂ ಇದನ್ನು ತಿಳಿದುಕೊಂಡೇ ತನ್ನಿ.

ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಡಿಮ್ ಹಾಕಿ ಮೀಟರ್ ಹಿಡಿಯಿರಿ. ಬ್ಯಾಟರಿಯ ಎರಡು ತುದಿಯ ನಡುವಿನ ವೋಲ್ಟ್‌ಗೂ ಬಲ್ಬಿನ ಎರಡು ಪಿನ್ ನಡುವಿನ ವೋಲ್ಟ್‌ಗೂ ಅರ್ಧ ವೋಲ್ಟ್‌ಗಿಂತ ಬಹಳ ವ್ಯತ್ಯಾಸ ಇರಬಾರದು. ವೋಲ್ಟ್ ಶೇ. 10 ಇಳಿದರೆ ಹ್ಯಾಲೊಜೆನ್ ಬೆಳಕು ಹೆಚ್ಚು ಕಡಿಮೆ ಶೇ. 30 ಇಳಿಯುತ್ತದೆ. "ಡೂಮ್ ಹಾಕಿದರೂ ಮಂಕು" ಅನ್ನುವ ದೂರಿನಲ್ಲಿ ಅರ್ಧಕ್ಕರ್ಧ ಇದೇ.

ಗ್ಯಾರೇಜ್_ಹುಬ್ಳಿ

ಕೂಡಸೂದು ನಾ ಹೇಳ್ತೀನಿ. ಬ್ಯಾಟರಿ ನೆಗೆಟಿವ್ ಬಿಚ್ಚರಿ. ಡೂಮ್ ಕೂಡಸೂ ಮುಂಚೆ ಒಳಗಿನ ತಗಡ ನೋಡ್ರಿ, ಬೈಕ್ ಬಡದೈತಿ ಅಂತೀರಿ, ಕಿವಿ ಕೂಡೂ ಪಟ್ಟಿ ಒಳಗ ಹೋಗಿದ್ರ ಹೊಸ ಡೂಮಿನ ಕಿವಿನೂ ಬೋಲ್ಟ್ ಬಿಗಿಯೂ ಹೊತ್ತಿಗೆ ಮುರೀತೈತಿ. ಬಲಗಡೆ ಅಳತಿ ತಗೊಂಡು ಎಡಗಡೆ ಹೊಂದಸ್ರಿ, ಟಿಂಕರಿಂಗ್ ಬೇಕಾದ್ರ ಮೊದಲ ಮಾಡಸ್ರಿ.

ಎಲ್ಲಾ ಬೋಲ್ಟ್ ಕೈಲೆ ಎರಡೆರಡು ಸುತ್ತು ಹಚ್ಚಿ ಬಿಡ್ರಿ, ಬಿಗಿಬ್ಯಾಡ್ರಿ. ಬಂಪರ್ ಗ್ಯಾಪ್ ಎರಡೂ ಕಡೆ ಸಮ ಕಂಡ ಮ್ಯಾಲೆ ಒಂದಾದ ಮ್ಯಾಲೆ ಒಂದು ಬಿಗೀರಿ. ಪ್ಲಾಸ್ಟಿಕ್ ಕಿವಿ ಐತಿ, ಸ್ಪ್ಯಾನರ್ ತುದಿ ಎರಡು ಬೆರಳಿಲೆ ಹಿಡದ್ರ ಸಾಕು.

ಬಲ್ಬಿಗೆ ಮೂರು ಕಿವಿ, ಒಂದು ಅಗಲ. ಅಗಲಾಂದು ನೆತ್ತಿಗೆ ಬರಬೇಕು. ಸ್ಪ್ರಿಂಗ್ ಕ್ಲಿಪ್ ಕೂತ ಮ್ಯಾಲೆ ಬಲ್ಬ್ ಮಿಸುಕಬಾರದು, ಮಿಸುಕಿದ್ರ ಬೆಳಕು ಮರಕ್ಕ ಹೊಡಿತೈತಿ. ಬಲ್ಬಿನ ಗಾಜು ಮುಟ್ಟಬ್ಯಾಡ್ರಿ, ಬೆರಳಿನ ಜಿಡ್ಡು ಅಲ್ಲೆ ಸುಟ್ಟು ಗಾಜು ಹೋಗತೈತಿ. ರಬ್ಬರ್ ಟೊಪ್ಪಿಗಿ ಹೊಸಾದ ಹಾಕ್ರಿ, ಅಂಚು ಸುತ್ತ ಬೆರಳಾಡಿಸಿ ಪೂರಾ ಕೂತೈತೇನ ನೋಡ್ರಿ. ಹಾಕಿದ ಮ್ಯಾಲೆ ಗ್ಲಾಸಿನೊಳಗ ತೆಳು ಮಂಜು ಬಂದು, ಲೈಟ್ ಹಚ್ಚಿದ ಅರ್ಧ ತಾಸಿನ್ಯಾಗ ಹೋದ್ರ ಹೆದರಬ್ಯಾಡ್ರಿ, ಅದು ಉಸಿರಾಡೂ ತೂತಿನ ಕೆಲಸ. ಹನಿ ಹನಿ ಇಳದ್ರ ಅಷ್ಟ ನೀರು ಬರಾಕತ್ತೈತಿ ಅಂತ. ಉಸಿರಾಡೂ ತೂತಿಗೆ ಮಾತ್ರ ಸಿಲಿಕಾನ್ ಹಚ್ಚಿ ಮುಚ್ಚಬ್ಯಾಡ್ರಿ!

ಹನ್ನೆರಡು_ವೋಲ್ಟ್

ಬೆಳಕು ಸೆಟ್ ಮಾಡುವುದು ಮನೆಯಲ್ಲೇ ಆಗುತ್ತದೆ. ಸಮತಟ್ಟಾದ ನೆಲ, ಎದುರಿಗೆ ಬಿಳಿ ಗೋಡೆ ಬೇಕು. ಟೈರ್ ಗಾಳಿ ಸರಿ ಇರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂರಲಿ, ಹಿಂದೆ ಲೋಡ್ ಬೇಡ. ಗಾಡಿಯನ್ನು ಗೋಡೆಗೆ ಅಂಟುವಷ್ಟು ಹತ್ತಿರ ತಂದು ಎರಡು ಬಲ್ಬಿನ ಮಧ್ಯಬಿಂದುವನ್ನು ಗೋಡೆಯ ಮೇಲೆ ಚಾಕ್‌ನಿಂದ ಗುರುತು ಮಾಡಿ. ನೇರವಾಗಿ 5 ಮೀಟರ್ ಹಿಂದಕ್ಕೆ ಬನ್ನಿ. ಗುರುತಿನಿಂದ 5 ಸೆಂಟಿಮೀಟರ್ ಕೆಳಗೆ ಅಡ್ಡಗೆರೆ ಎಳೆಯಿರಿ. ಇದು ಶೇ. 1ರ ಇಳಿಕೆ. ಹಿಂದೆ ಆಗಾಗ ಮೂಟೆ ಹೇರುವವರಾದರೆ 7 ಸೆಂಟಿಮೀಟರ್ ಇಡಿ, ಲೋಡ್ ಬಿದ್ದಾಗ ಮೂತಿ ಏಳುತ್ತದೆ, ನಿಮ್ಮ ಡ್ಯಾಶ್‌ನಲ್ಲಿ ಬೆಳಕು ಇಳಿಸುವ ಆ 0-1-2-3 ಚಕ್ರವೂ ಇಲ್ಲ.

ಬಲಗಡೆ ಲೈಟಿಗೆ ರಟ್ಟು ಅಡ್ಡ ಇಟ್ಟು ಎಡಗಡೆಯದನ್ನು ಡಿಮ್‌ನಲ್ಲಿ ನೋಡಿ. ಬೆಳಕಿನ ಮೇಲಂಚು ಬಲಕ್ಕೆ ಮಟ್ಟವಾಗಿ, ಎಡಕ್ಕೆ ಓರೆಯಾಗಿ ಏರಬೇಕು. ಏರು ಶುರುವಾಗುವ ಮೊಣಕೈ ಚಾಕ್ ಗುರುತಿನ ನೇರ ಕೆಳಗೆ, ಅಡ್ಡಗೆರೆಯ ಮೇಲೆ ಕೂರಬೇಕು. ಮೊದಲು ಮೇಲೆ-ಕೆಳಗಿನ ಸ್ಕ್ರೂ, ಆಮೇಲೆ ಅಡ್ಡದ್ದು, ಮತ್ತೆ ಒಮ್ಮೆ ಮೇಲೆ-ಕೆಳಗಿನದು; ಒಂದನ್ನು ತಿರುಗಿಸಿದರೆ ಇನ್ನೊಂದು ತುಸು ಜರುಗುತ್ತದೆ. ಪ್ರತಿಸಲ ಕೊನೆಯ ಅರ್ಧ ಸುತ್ತು ಬೆಳಕು ಮೇಲೇರುವ ಕಡೆಗೆ ಇರಲಿ, ಸ್ಕ್ರೂವಿನ ಸಡಿಲು ತೀರಿ ಗುಂಡಿಯಲ್ಲಿ ಇಳಿಯದೆ ನಿಲ್ಲುತ್ತದೆ. ಮೇಲಂಚೇ ಕಾಣದೆ ಗೋಡೆಯೆಲ್ಲ ಬೆಳಕಾದರೆ ಸ್ಕ್ರೂ ಮುಟ್ಟಬೇಡಿ, ಬಲ್ಬ್ ಸರಿಯಾಗಿ ಕೂತಿಲ್ಲ ಇಲ್ಲವೇ ಎಲ್‌ಇಡಿ ಹಾಕಿದ್ದೀರಿ. ಎಳೆ ಇರುವ ಜಾಗಕ್ಕೆಂದು ಕಡೆದ ರಿಫ್ಲೆಕ್ಟರ್ ಇದು, ಎಲ್‌ಇಡಿ ಚಿಪ್ ಅಲ್ಲಿ ಕೂರುವುದಿಲ್ಲ.

ಪಾರ್ಟ್ಸ್_ಕೌಂಟರ್

ಶಿವಮೊಗ್ಗಕ್ಕೆ ಪಾರ್ಸೆಲ್ ಹಾಕಿಸೋದಾದ್ರೆ ಮೂರು ಮಾತು. ಡಿಮ್ ಹಾಕಿ ಗೋಡೆ ಮೇಲೆ ಬಿಟ್ಟ ವೀಡಿಯೊ ಬಂದ ಮೇಲೇ ದುಡ್ಡು ಕಳಿಸಿ, ಗೋಡೆಯ ಮೇಲೆ ಮೊಣಕೈ ಕಾಣಬೇಕು. ಗ್ಲಾಸ್ ಮೇಲೆ ಹಳೇ ಕಾಟನ್ ಬಟ್ಟೆ ಸುತ್ತಿ, ಡಬ್ಬದಲ್ಲಿ ಗ್ಲಾಸ್ ಕೆಳಗೆ ಮಾಡಿ, ಕಿವಿಗಳ ಮೇಲೆ ಭಾರ ಬೀಳದ ಹಾಗೆ ನಾಲ್ಕೂ ಕಡೆ ಥರ್ಮೋಕೋಲ್ ತುಂಬಿಸೋಕೆ ಹೇಳಿ. ಅಂಗಡಿಯಿಂದ ಚೆನ್ನಾಗಿ ಹೊರಟ ಕಿವಿ ಬಸ್ಸಿನ ಲಗೇಜ್ ಡಿಕ್ಕಿಯಲ್ಲಿ ಮುರಿಯೋದು ಹೊಸದೇನಲ್ಲ. ಮತ್ತೆ ಬಿಲ್ ಇಲ್ಲದೆ ತಗೋಬೇಡಿ. ಬಿಲ್‌ನಲ್ಲಿ "ಈಕೋ ಹೆಡ್‌ಲೈಟ್, ಎಡಗಡೆ, ಬಳಸಿದ್ದು, ಕಿವಿ ಮುರಿದಿದ್ದರೆ ವಾಪಸ್" ಅಂತ ಬರೆಸಿ. ಕಳ್ಳಮಾಲು ಅಲ್ಲ ಅನ್ನೋದಕ್ಕೂ ನಿಮ್ಮ ಕೈಲಿ ಕಾಗದ ಇದ್ದಂಗಾಯ್ತು.

ಮುರಿದ ಡೂಮ್ ಬಿಸಾಕಬೇಡಿ. ಅದರ ಪಾರ್ಕಿಂಗ್ ಹೋಲ್ಡರ್, ಇಂಡಿಕೇಟರ್ ಹೋಲ್ಡರ್, ಬಲ್ಬ್ ಕ್ಲಿಪ್ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಡಿ. ಗುಜರಿ ಪೀಸ್‌ನಲ್ಲಿ ಇವೇ ಇರಲ್ಲ.